ಹೃದಯದ ಗುಳಿಗೆಯೂ ಮಾಯದ ಹುಣ್ಣೂ

ಬಾಯಿಯಲ್ಲಿ ಹುಣ್ಣಾಯಿತೆಂದರೆ ನಮ್ಮ ಕಡೆ ಮೊದಲು ತಪ್ಪು ಹೊರಿಸುವುದು ಸುಣ್ಣದ ಮೇಲೆ. ಎಲೆಗೆ ಸುಣ್ಣ ತುಸು ಹೆಚ್ಚಾಯಿತು, ಬಾಯಿ ಸುಟ್ಟಿತು ಎನ್ನುತ್ತೇವೆ. ಸುಣ್ಣವಲ್ಲವಾದರೆ ಉಷ್ಣ. ನಾಲ್ಕು ದಿನ ಖಾರ ಬಿಡುವುದು, ಒಂದೆಲಗದ ತಂಬುಳಿ ಮಾಡಿಸುವುದು, ಹುಣ್ಣಿನ ಮೇಲೆ ತುಪ್ಪವನ್ನೋ ಜೇನನ್ನೋ ಸವರುವುದು, ಅದಕ್ಕೂ ಜಗ್ಗದಿದ್ದರೆ ಪೇಟೆಗೆ ಹೋದವರ ಕೈಯಲ್ಲಿ ಬಿ-ಕಾಂಪ್ಲೆಕ್ಸ್ ಗುಳಿಗೆ ತರಿಸುವುದು. ಹೆಚ್ಚಿನ ಹುಣ್ಣುಗಳು ಇಷ್ಟರಲ್ಲೇ, ಒಂದೆರಡು ವಾರದೊಳಗೆ, ಮಾಯುತ್ತವೆ. ಮಾಯದೆ ಉಳಿಯುವ ಹುಣ್ಣಿನ ವಿಚಾರ ಬೇರೆ. ಅದರ ಕಾರಣಗಳಲ್ಲಿ ಒಂದನ್ನು, ಅಪರೂಪದ್ದಾದರೂ ಹೃದ್ರೋಗಿಗಳ ಮನೆಯಲ್ಲಿ ತಿಳಿದಿರಲೇಬೇಕಾದ ಒಂದನ್ನು, ಈ ಸಂಚಿಕೆಯಲ್ಲಿ ವಿವರಿಸಬೇಕೆಂದಿದ್ದೇವೆ.

ಇದನ್ನು ಬರೆಯಲು ಕಾರಣರಾದವರು ನಮ್ಮ ಹಿರಿಯ ಸದಸ್ಯರೊಬ್ಬರು. ಹೆಸರು ಹಾಕಬೇಡಿ, ವಿಷಯ ಎಲ್ಲರಿಗೂ ತಿಳಿಯಲಿ ಎಂದಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ತೋಟದಿಂದ ಮನೆಗೆ ಏರು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಹೃದಯದ ವೈದ್ಯರಲ್ಲಿ ಚಿಕಿತ್ಸೆ ನಡೆದು, ನಾಲ್ಕೈದು ಬಗೆಯ ಗುಳಿಗೆಗಳಲ್ಲಿ ಆರಾಮವಾಗಿಯೇ ಇದ್ದರು. ಸುಮಾರು ಒಂದೂವರೆ ವರ್ಷದ ಬಳಿಕ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ಹಿಂದಿನ ನಾಲ್ಕಾಣೆಯಷ್ಟು ಅಗಲ, ಕೊರೆದಂಥ ಕುಳಿ, ಗಂಜಿಯ ತಿಳಿ ತಾಗಿದರೂ ಜೀವ ಹೋಗುವ ನೋವು. ಹದಿನಾರನೆಯ ವಯಸ್ಸಿನಿಂದ ಕವಳ ಹಾಕಿದ ಬಾಯಿ. ಮನೆಯವರ ಮನಸ್ಸಿನಲ್ಲಿ ಏನು ಬಂದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ. ಅವರಾದರೋ ಬೆಂಗಳೂರಿನಲ್ಲಿದ್ದ ಮಗನನ್ನು ಕರೆಸಿ ಪಹಣಿ, ಸಾಲದ ಕಾಗದ, ಪಾಸ್ ಪುಸ್ತಕಗಳನ್ನೆಲ್ಲ ತೆಗೆದು ತೋರಿಸಿದರು.

ದಂತವೈದ್ಯರು ಹಲ್ಲಿನ ಚೂಪು ತಾಗುತ್ತಿರಬಹುದೆಂದು ಉಜ್ಜಿ ನಯ ಮಾಡಿದರು. ಹಚ್ಚಲು ಮುಲಾಮು ಬಂತು, ಬಾಯಿ ಮುಕ್ಕಳಿಸಲು ದ್ರಾವಣ ಬಂತು. ಕವಳ ಬಿಟ್ಟದ್ದಾಯಿತು. ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದ್ದೂ ಆಯಿತು. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಮನೆಯವರಿಗೆ ಅರ್ಧ ಜೀವ ಬಂದರೂ ಹುಣ್ಣು ಇದ್ದಲ್ಲೇ ಇತ್ತು. ಐದನೆಯ ತಿಂಗಳಲ್ಲಿ, ಎರಡನೆಯ ಸಲ ಚೂರು ತೆಗೆಯಬೇಕೆಂಬ ಮಾತು ಬಂದಾಗ, ಒಬ್ಬ ಕಿರಿಯ ವೈದ್ಯರು, "ಯಜಮಾನರೇ, ನೀವು ದಿನಾ ನುಂಗುವ ಗುಳಿಗೆಗಳನ್ನೆಲ್ಲ ಒಮ್ಮೆ ಈ ಮೇಜಿನ ಮೇಲಿಡಿ" ಎಂದರು. ಅಲ್ಲಿಯವರೆಗೆ ಕೇಳಿದವರಿಗೆಲ್ಲ ಇವರು "ಬಿ.ಪಿ. ಗುಳಿಗೆ ಉಂಟು" ಎಂದಷ್ಟೇ ಹೇಳುತ್ತ ಬಂದಿದ್ದರು. ಚೀಲ ಸುರಿದಾಗ ಅದರಲ್ಲಿ ನಿಕೊರಾಂಡಿಲ್ ಎಂಬ ಗುಳಿಗೆ ಇತ್ತು.

ಈ ಗುಳಿಗೆಯ ಕೆಲಸವೇನೆಂದು ಮೊದಲು ನೋಡೋಣ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳು ಒಳಗೆ ಕಟ್ಟಿಕೊಂಡು ಕಿರಿದಾದಾಗ, ಸುಮ್ಮನೆ ಕುಳಿತಿರುವಷ್ಟು ಹೊತ್ತು ತೊಂದರೆ ತಿಳಿಯುವುದಿಲ್ಲ. ಏರು ಹತ್ತಿದರೆ, ಭಾರ ಹೊತ್ತರೆ, ಸಿಟ್ಟುಗೊಂಡರೆ ಹೃದಯ ಹೆಚ್ಚು ದುಡಿಯಬೇಕು, ಅದಕ್ಕೆ ತಕ್ಕ ರಕ್ತ ಬರುವುದಿಲ್ಲ. ಆಗ ಎದೆ ಬಿಗಿಯುತ್ತದೆ. ನಿಕೊರಾಂಡಿಲ್ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಗೊಳಿಸಿ ನಾಳವನ್ನು ಹಿಗ್ಗಿಸುತ್ತದೆ. ಅದೂ ಎರಡು ದಾರಿಯಿಂದ. ಒಂದು, ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾಡುವಂಥದೇ ನೈಟ್ರೇಟ್ ಕೆಲಸ. ಇನ್ನೊಂದು, ಸ್ನಾಯುಕೋಶಗಳಲ್ಲಿರುವ ಪೊಟ್ಯಾಸಿಯಂ ದ್ವಾರಗಳನ್ನು ತೆರೆಯುವುದು. ಅಪಧಮನಿ, ಅಭಿಧಮನಿ ಎರಡೂ ಹಿಗ್ಗುವುದರಿಂದ ಹೃದಯದ ಮೇಲಿನ ಹೊರೆಯೂ ಇಳಿಯುತ್ತದೆ. ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂನಿಂದ ತೊಡಗಿ, ದಿನಕ್ಕೆ ಎರಡು ಸಲ, ಬೇಕಾದರೆ 20 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಮೊದಲ ದಿನಗಳಲ್ಲಿ ತಲೆನೋವು ಬರುವುದು ಬಹಳ ಮಂದಿಗೆ ಆಗುವ ಅನುಭವ. ಅದು ನಾಳಗಳು ಹಿಗ್ಗಿದ್ದರ ಗುರುತು, ಕ್ರಮೇಣ ಇಳಿಯುತ್ತದೆ.

ಹೆಸರು ಕೇಳಿ ಇದು ಹೊಗೆಸೊಪ್ಪಿನ ನಿಕೋಟಿನ್ ಎಂದು ಭಾವಿಸಬಾರದು. ಬಿ-3 ಜೀವಸತ್ವದ ಬಳಗದ ನಿಕೋಟಿನಮೈಡ್ ಎಂಬ ವಸ್ತುವಿನಿಂದ ಇದರ ರಚನೆ. ಹುಣ್ಣಿಗೆಂದು ನಾವು ತರಿಸುವ ಬಿ-ಕಾಂಪ್ಲೆಕ್ಸಿನಲ್ಲೂ ಇರುವುದು ಅದೇ ನಿಕೋಟಿನಮೈಡ್. ಹಾಗಿದ್ದೂ ಈ ಗುಳಿಗೆಯಿಂದಾದ ಹುಣ್ಣಿಗೆ ಬಿ-ಕಾಂಪ್ಲೆಕ್ಸ್ ಎಷ್ಟು ನುಂಗಿದರೂ ಪ್ರಯೋಜನವಿಲ್ಲ.

ಔಷಧವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಜಪಾನಿನಲ್ಲಿ ರೂಪುಗೊಂಡು 1980ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದ ಇದು 1990ರ ದಶಕದಲ್ಲಿ ಯೂರೋಪಿಗೆ ಹೋಯಿತು. 2002ರಲ್ಲಿ ಬ್ರಿಟನ್ನಿನಲ್ಲಿ 5126 ಎದೆನೋವಿನ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಹೃದ್ರೋಗದ ಸಾವು, ಹೃದಯಾಘಾತ, ಎದೆನೋವಿನಿಂದ ತುರ್ತಾಗಿ ಆಸ್ಪತ್ರೆ ಸೇರುವುದು, ಇವು ಮೂರೂ ಸೇರಿ, ಹುಸಿ ಗುಳಿಗೆ ನುಂಗಿದವರಲ್ಲಿ ಶೇಕಡಾ 15.5 ಇದ್ದದ್ದು ನಿಕೊರಾಂಡಿಲ್ ನುಂಗಿದವರಲ್ಲಿ ಶೇಕಡಾ 13.1ಕ್ಕೆ ಇಳಿದಿತ್ತು. ನಮ್ಮ ದೇಶದಲ್ಲೂ ನಿಕೊರಾನ್, ಕೊರಾಂಡಿಲ್ ಮೊದಲಾದ ಹೆಸರುಗಳಲ್ಲಿ ಸಿಗುವ ಇದನ್ನು ನುಂಗುವ ಬಹುಪಾಲು ಮಂದಿಗೆ ಹುಣ್ಣಿನ ತೊಂದರೆ ಬರುವುದೇ ಇಲ್ಲ. ಹುಣ್ಣು ಬರುವುದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ ಎಂಬ ಲೆಕ್ಕದಲ್ಲಿ ಔಷಧದ ಮಾಹಿತಿಪತ್ರಗಳು ಇದನ್ನು ಅಪರೂಪದ ಪರಿಣಾಮಗಳ ಸಾಲಿನಲ್ಲಿ ಸೇರಿಸಿವೆ.

ಅಪರೂಪವಾದುದರಿಂದಲೇ ಇದು ಬೆಳಕಿಗೆ ಬರಲು ತಡವಾಯಿತು. ಜಪಾನಿನಲ್ಲಿ ಬಳಕೆಗೆ ಬಂದು ಹತ್ತು ವರ್ಷಕ್ಕೂ ಮೀರಿದ ಮೇಲೆ, 1997ರಲ್ಲಿ, ಫ್ರಾನ್ಸಿನ ವೈದ್ಯರು ನಿಕೊರಾಂಡಿಲ್ ಸೇವಿಸುವವರ ಬಾಯಿಯಲ್ಲಿ ದೊಡ್ಡ ದೊಡ್ಡ ಹುಣ್ಣುಗಳಾಗಿ, ಗುಳಿಗೆ ನಿಲ್ಲಿಸಿದ ಮೇಲೆ ಮಾದುದನ್ನು ವರದಿ ಮಾಡಿದರು. 2002ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಗುದದ್ವಾರದ ಹುಣ್ಣುಗಳ ವರದಿ ಬಂತು. ಅನಂತರ ಒಂದೊಂದಾಗಿ ಚರ್ಮ, ಜನನಾಂಗ, ಸಣ್ಣ ಕರುಳು, ದೊಡ್ಡ ಕರುಳು, ಕಣ್ಣು ಎಂದು ಪಟ್ಟಿ ಬೆಳೆಯಿತು. ಒಬ್ಬರಿಗೇ ಒಂದಕ್ಕಿಂತ ಹೆಚ್ಚು ಕಡೆ ಆಗುವುದೂ ಉಂಟು.

ಇಷ್ಟು ತಡವೇಕೆ ಎಂದು ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಗುಳಿಗೆ ಬರೆಯುವವರು ಹೃದಯದ ವೈದ್ಯರು. ಬಾಯಿಯ ಹುಣ್ಣು ಹೋಗುವುದು ದಂತವೈದ್ಯರಲ್ಲಿಗೆ, ಗುದದ್ವಾರದ್ದು ಶಸ್ತ್ರವೈದ್ಯರಲ್ಲಿಗೆ, ಕಾಲಿನ ಹುಣ್ಣು ಚರ್ಮದ ವೈದ್ಯರಲ್ಲಿಗೆ. ಹುಣ್ಣು ಗುಳಿಗೆ ಶುರುಮಾಡಿದ ಮರುವಾರವೇ ಏಳುವುದಿಲ್ಲ. ಕೆಲವರಿಗೆ ಬೇಗ ಬಂದರೂ ಕೆಲವರಿಗೆ ವರ್ಷಗಟ್ಟಲೆ ನುಂಗಿದ ಮೇಲೆ ಬರುತ್ತದೆ, ಇನ್ನು ಕೆಲವರಿಗೆ ಗುಳಿಗೆಯ ಪ್ರಮಾಣ ಏರಿಸಿದ ಬಳಿಕ. ಎರಡು ವರ್ಷದಿಂದ ನುಂಗುತ್ತಿರುವ, ಒಗ್ಗಿಹೋದ ಗುಳಿಗೆಯ ಮೇಲೆ ಯಾರಿಗೆ ತಾನೆ ಸಂಶಯ ಬಂದೀತು? ಹೃದಯದ ವೈದ್ಯರ ಮುಂದೆ ನಾವು ಬಾಯಿ ಹುಣ್ಣಿನ ಮಾತೆತ್ತುವುದಿಲ್ಲ, ಹುಣ್ಣಿನ ವೈದ್ಯರ ಮುಂದೆ ಹೃದಯದ ಗುಳಿಗೆಯ ಮಾತೆತ್ತುವುದಿಲ್ಲ. ಎರಡೂ ಗೊತ್ತಿರುವವನು ರೋಗಿಯೊಬ್ಬನೇ. ಅವನಿಗೋ ಅವೆರಡಕ್ಕೂ ಸಂಬಂಧವಿದೆಯೆಂಬುದು ಗೊತ್ತಿಲ್ಲ.

ಗುದದ್ವಾರದ ಹುಣ್ಣಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ನೋವು, ರಕ್ತ ಎಂದರೆ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ನಾಟಿ ಔಷಧಿ, ಪಥ್ಯ, ಯಾರೋ ಹೇಳಿದ ಮುಲಾಮು ಎಂದು ತಿಂಗಳುಗಳು ಕಳೆಯುತ್ತವೆ. ಹೆಂಗಸರಂತೂ ಹುಣ್ಣು ಜನನಾಂಗದ ಬಳಿ ಆದರೆ ಸ್ವಂತ ಮಗಳಲ್ಲೂ ಹೇಳಿಕೊಳ್ಳುವುದಿಲ್ಲ. ಕೂರಲಾರದೆ ಒಂದು ಪಕ್ಕಕ್ಕೆ ವಾಲಿ ಕೂರುವ ಅಜ್ಜಿಗೆ ಸೊಂಟನೋವು ಎಂದು ಎಣ್ಣೆ ತಿಕ್ಕುವ ಮನೆಗಳುಂಟು. ಹೃದಯದ ಗುಳಿಗೆ ಸೇವಿಸುವ ಹಿರಿಯರು ಮನೆಯಲ್ಲಿದ್ದರೆ, ಮನೆಯವರೇ ಒಂದು ಮಾತು ಕೇಳಿ ತಿಳಿದುಕೊಳ್ಳಬೇಕು. ಅವರಾಗಿ ಹೇಳುತ್ತಾರೆಂದು ಕಾಯಬಾರದು.

ಈ ಹುಣ್ಣಿನ ಮುಖ್ಯ ಗುಣವೆಂದರೆ, ಕಾರಣವಾದ ಗುಳಿಗೆ ಹೊಟ್ಟೆಗೆ ಹೋಗುತ್ತಿರುವವರೆಗೆ ಅದು ಯಾವ ಚಿಕಿತ್ಸೆಗೂ ಬಗ್ಗುವುದಿಲ್ಲ. ಮುಲಾಮಿಗೂ ಬಗ್ಗುವುದಿಲ್ಲ, ಶಸ್ತ್ರಕ್ರಿಯೆಗೂ ಬಗ್ಗುವುದಿಲ್ಲ. ಬಿರುಕು, ಭಗಂದರ ಎಂದು ತಿಳಿದು ಕೊಯ್ದಲ್ಲಿ ಕೊಯ್ದ ಗಾಯವೂ ಮಾಯದೆ ಉಳಿಯುವ ಅಪಾಯವಿದೆ. ಕರುಳಿನಲ್ಲಾದ ಹುಣ್ಣು ಆಳಕ್ಕಿಳಿದರೆ ರಕ್ತಸ್ರಾವವಾಗಬಹುದು, ಕರುಳು ತೂತಾಗಬಹುದು, ಕೀವು ಕಟ್ಟಬಹುದು. ದೊಡ್ಡ ಕರುಳಿನ ಗೋಡೆಯಲ್ಲಿ ಮೊದಲೇ ಚಿಕ್ಕ ಚೀಲಗಳಾಗಿರುವ ವೃದ್ಧರಲ್ಲಿ ಈ ಭಯ ಹೆಚ್ಚು. ಜೊತೆಗೆ ಆಸ್ಪಿರಿನ್, ಕೀಲುನೋವಿನ ಗುಳಿಗೆ, ಸ್ಟೀರಾಯ್ಡ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅಪಾಯ ಮತ್ತೂ ಏರುತ್ತದೆ. ಹೃದ್ರೋಗಿಗಳಲ್ಲಿ ಹೆಚ್ಚಿನವರು ಆಸ್ಪಿರಿನ್ ನುಂಗುವವರೇ ಎಂಬುದನ್ನು ಗಮನಿಸಬೇಕು. ಮೊಣಕಾಲು ನೋವಿಗೆಂದು ಅಂಗಡಿಯಿಂದ ಚೀಟಿಯಿಲ್ಲದೆ ತರುವ ಗುಳಿಗೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮ ಕಸುಬಿನಲ್ಲೇ ಇದಕ್ಕೊಂದು ಹೋಲಿಕೆ ಇದೆ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾಗಿ ಮೈಲುತುತ್ತಿನ ಹುಳಿ ಉಳಿದರೆ ಕಾಫಿ ಎಲೆಯ ಮೇಲೆ ಸುಟ್ಟ ಕಲೆಗಳೇಳುತ್ತವೆ. ತಿಳಿಯದವನು ಅದನ್ನೇ ರೋಗವೆಂದುಕೊಂಡು ಅದೇ ಪೀಪಾಯಿಯಿಂದ ಇನ್ನೊಂದು ಸುತ್ತು ಸಿಂಪಡಿಸುತ್ತಾನೆ. ತಿಳಿದವನು ಮೊದಲು ಪೀಪಾಯಿಯಲ್ಲಿ ಚಾಕು ಅದ್ದಿ, ತಾಮ್ರದ ಬಣ್ಣ ಕೂರುತ್ತದೆಯೇ ಎಂದು ನೋಡುತ್ತಾನೆ. ಕಲೆಯನ್ನು ನೋಡುವ ಮುನ್ನ ಏನು ಸಿಂಪಡಿಸಿದೆವು ಎಂದು ನೋಡುವ ಈ ಅಭ್ಯಾಸ ನಮಗೆ ತೋಟದಲ್ಲಿ ಇದೆ, ಆಸ್ಪತ್ರೆಗೆ ಹೋಗುವಾಗ ಮಾತ್ರ ಇರುವುದಿಲ್ಲ.

ಗುಳಿಗೆ ನಿಲ್ಲಿಸಿದರೆ ಏನಾಗುತ್ತದೆ? ನೋವು ಸಾಮಾನ್ಯವಾಗಿ ಮೊದಲು ಇಳಿಯುತ್ತದೆ. ಹುಣ್ಣು ಪೂರ್ತಿ ಮಾಯಲು ಅದರ ಗಾತ್ರಕ್ಕೆ ತಕ್ಕಂತೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಮತ್ತೆ ಅದೇ ಗುಳಿಗೆ ತೊಡಗಿದರೆ ಹುಣ್ಣು ಮರಳಿ ಬಂದ ನಿದರ್ಶನಗಳಿವೆ. ಆದಕಾರಣ 2016ರ ಜನವರಿಯಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ವೈದ್ಯರಿಗೆ ಸ್ಪಷ್ಟ ಸೂಚನೆ ಕೊಟ್ಟಿತು. ಎದೆನೋವಿಗೆ ಮೊದಲ ಆಯ್ಕೆಯಾಗಿ ನಿಕೊರಾಂಡಿಲ್ ಬೇಡ, ಬೇರೆ ಔಷಧಗಳು ಒಗ್ಗದಿದ್ದಾಗ ಅಥವಾ ಸಾಲದಿದ್ದಾಗ ಕೊಡಿರಿ. ಇದನ್ನು ಸೇವಿಸುವವರಿಗೆ ಹುಣ್ಣು ಬಂದರೆ ಇದೇ ಕಾರಣವಿರಬಹುದೆಂದು ಯೋಚಿಸಿರಿ. ಹುಣ್ಣಾದರೆ ನಿಲ್ಲಿಸಿ ಬದಲಿ ಚಿಕಿತ್ಸೆ ನೋಡಿರಿ, ಎದೆನೋವು ಉಲ್ಬಣಿಸಿದರೆ ಹೃದಯತಜ್ಞರ ಸಲಹೆ ಪಡೆಯಿರಿ ಎಂಬುದು ಅದರ ಸಾರ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ನಿಲ್ಲಿಸಬೇಕಾದವರು ವೈದ್ಯರು, ನಾವಲ್ಲ. ಈ ಲೇಖನ ಓದಿ ಮನೆಯ ಹಿರಿಯರ ಗುಳಿಗೆಯನ್ನು ರಾತ್ರೋರಾತ್ರಿ ಎತ್ತಿಟ್ಟರೆ, ತಡೆದಿಟ್ಟಿದ್ದ ಎದೆನೋವು ಮರಳಿ ಬರಬಹುದು. ಹುಣ್ಣಿಗಿಂತ ಅದು ದೊಡ್ಡ ಗಂಡಾಂತರ. ಬದಲಿಯಾಗಿ ಬೇರೆ ಗುಳಿಗೆಗಳಿವೆ. ಯಾವುದು ಯಾರಿಗೆ ಒಗ್ಗುತ್ತದೆಂಬುದು ನಾಡಿಯ ವೇಗ, ರಕ್ತದೊತ್ತಡ, ಅಸ್ತಮಾ ಇದೆಯೇ ಇಲ್ಲವೇ ಮುಂತಾದವನ್ನು ನೋಡಿ ನಿರ್ಣಯಿಸುವ ವಿಷಯ. ಹುಣ್ಣೇ ಇಲ್ಲದವರು ಚಿಂತಿಸಬೇಕಾದ್ದೇ ಇಲ್ಲ, ಗುಳಿಗೆ ನಡೆಯಲಿ.

ಆಸ್ಪಿರಿನ್ ಮಾತು ಬಂದದ್ದರಿಂದ ಒಂದು ಗೊಂದಲ ಬಿಡಿಸುತ್ತೇವೆ. ಹೃದಯದ ಗುಳಿಗೆಯಿಂದ ಹೊಟ್ಟೆಹುಣ್ಣಾಗುತ್ತದೆ ಎಂದು ಜನ ಹೇಳುವುದು ಸಾಮಾನ್ಯವಾಗಿ ಆಸ್ಪಿರಿನ್ ವಿಚಾರ. ಅದು ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತದೆ, ಜಠರದ ಆಮ್ಲ ಗಾಯ ಮಾಡುತ್ತದೆ. ಅಷ್ಟೇನೂ ಅಪರೂಪವಲ್ಲದ ಇದಕ್ಕೆ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆಗಳಿಂದ ರಕ್ಷಣೆ ಸಿಗುತ್ತದೆ. ನಿಕೊರಾಂಡಿಲ್ ಹುಣ್ಣು ಆಮ್ಲದ ಸೊಗಸೂ ಇಲ್ಲದ ನಾಲಿಗೆಯಲ್ಲೋ ಕಾಲಿನ ಚರ್ಮದಲ್ಲೋ ಏಳುತ್ತದೆ. ಆಮ್ಲದ ಗುಳಿಗೆ ಅದನ್ನು ಮಾಯಿಸದು. ಅದು ಹೇಗೆ ಉಂಟಾಗುತ್ತದೆಂಬುದು ವಿಜ್ಞಾನಕ್ಕೆ ಪೂರ್ತಿ ತಿಳಿದಿಲ್ಲ. ಗುಳಿಗೆ ಶರೀರದಲ್ಲಿ ಒಡೆದಾಗ ಉಂಟಾಗುವ ವಸ್ತುಗಳು ಗಾಯದ ಜಾಗದಲ್ಲಿ ಸೇರಿ ಮಾಯಲು ಬಿಡುವುದಿಲ್ಲವೆಂದು ಕೆಲವರ ಅಭಿಪ್ರಾಯ.

ಅಡಿಕೆ ಬೆಳೆಯುವ ಸಂಘದ ಪತ್ರಿಕೆಯಾಗಿ ನಾವು ಹೇಳದೆ ಬಿಡಬಾರದ ಮಾತೊಂದಿದೆ. ಮಾಯದ ಬಾಯಿಹುಣ್ಣೆಲ್ಲ ಗುಳಿಗೆಯದೇ ಎಂದು ಯಾರೂ ಸಮಾಧಾನ ಪಟ್ಟುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ ಮಾತ್ರವಲ್ಲ, ಹೊಗೆಸೊಪ್ಪಿಲ್ಲದ್ದೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಹೇಳಿದೆ, ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಈ ತೀರ್ಮಾನದ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟೋ ಬಿಸಿ ಚರ್ಚೆ ನಡೆದಿದೆ, ಬೆಲೆಯ ಚಿಂತೆಯೂ ಅದರಲ್ಲಿದೆ. ಬೆಲೆಯ ಚಿಂತೆ ಬೇರೆ, ಬಾಯಿಯ ಚಿಂತೆ ಬೇರೆ. ಕವಳ ಹಾಕುವ ಅಭ್ಯಾಸವಿರಲಿ ಇಲ್ಲದಿರಲಿ, ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಬಾಯಿ ತೆರೆಯಲಾಗದ ಬಿಗಿತ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಚೂರು ತೆಗೆದು ಪರೀಕ್ಷಿಸಬೇಕೆಂದರೆ ಒಪ್ಪಬೇಕು. ನೋವಿದೆಯಾದ್ದರಿಂದ ಕ್ಯಾನ್ಸರ್ ಅಲ್ಲ, ನೋವಿಲ್ಲವಾದ್ದರಿಂದ ಏನೂ ಅಲ್ಲ ಎಂಬ ಎರಡು ಲೆಕ್ಕವೂ ತಪ್ಪು. ನಮ್ಮ ಸದಸ್ಯರ ಬಾಯಿಯಿಂದ ಮೊದಲು ಚೂರು ತೆಗೆದದ್ದು ಸರಿಯಾದ ಕ್ರಮವೇ. ಗುಳಿಗೆಗಳ ಪಟ್ಟಿಯನ್ನು ಅದೇ ದಿನ ನೋಡಿದ್ದರೆ ಐದು ತಿಂಗಳ ಯಾತನೆ ಉಳಿಯುತ್ತಿತ್ತು ಎಂಬುದಷ್ಟೇ ನಮ್ಮ ಮಾತು.

ಸ್ಟ್ರಿಪ್ಪಿನ ಮೇಲೆ ಕಂಪನಿಯಿಟ್ಟ ಹೆಸರೊಂದು ಇರುತ್ತದೆ. ಔಷಧದ ನಿಜ ಹೆಸರು ಬೇರೆ ಸಾಲಿನಲ್ಲಿ ಇರುತ್ತದೆ. ಎನ್, ಐ, ಸಿ, ಓ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಹೆಸರನ್ನು ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಓದಿಸಿ ನೋಡಬಹುದು. ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ನಾಲ್ಕು ಗುಳಿಗೆ ಕೊಡುವಾಗ ಹೆಸರಿನ ಭಾಗವೇ ಹೋಗಿರುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ ತೆಗೆದುಕೊಳ್ಳುವುದು ಮೇಲು. ದಂತವೈದ್ಯರಲ್ಲಿಗೆ ಹೋಗಲಿ, ಮೂಲವ್ಯಾಧಿಯ ವೈದ್ಯರಲ್ಲಿಗೆ ಹೋಗಲಿ, ಎಲ್ಲ ಸ್ಟ್ರಿಪ್ಪುಗಳನ್ನೂ ನೋವಿನ ಗುಳಿಗೆ ಸಮೇತ ಒಂದೇ ಚೀಲದಲ್ಲಿ ಒಯ್ಯಬೇಕು. "ಈ ಹುಣ್ಣು ಇವುಗಳಲ್ಲಿ ಯಾವುದರಿಂದಲಾದರೂ ಬಂದಿರಬಹುದೇ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಕೊಯ್ಯುವ ಮಾತು ಬಂದರಂತೂ ಈ ಪ್ರಶ್ನೆ ಕೇಳಿಯೇ ಮುಂದುವರಿಯಬೇಕು. ಮಲದಲ್ಲಿ ರಕ್ತ ಅಥವಾ ಟಾರಿನಂಥ ಕಪ್ಪು, ತಡೆಯಲಾಗದ ಹೊಟ್ಟೆನೋವು, ಕಣ್ಣು ಕೆಂಪಾಗಿ ನೋವು ಕಂಡರೆ ಸಂತೆಯ ದಿನಕ್ಕೆ ಕಾಯದೆ ಅಂದೇ ಹೊರಡಬೇಕು.

ನಮ್ಮ ಸದಸ್ಯರ ಗುಳಿಗೆಯನ್ನು ಹೃದಯದ ವೈದ್ಯರೇ ನಿಲ್ಲಿಸಿ ಬೇರೊಂದನ್ನು ಬರೆದುಕೊಟ್ಟರು. ಎರಡು ವಾರದಲ್ಲಿ ನೋವು ಇಳಿದು ಅನ್ನ ಮಜ್ಜಿಗೆ ಸೇರತೊಡಗಿತು. ಹುಣ್ಣು ಕಲೆಯಷ್ಟೇ ಉಳಿದು ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಈ ಸಲದ ಮಹಾಸಭೆಗೆ ಬಂದಿದ್ದರು. ಕವಳದ ತಟ್ಟೆ ಮುಂದೆ ಬಂದಾಗ ಪಕ್ಕದವರಿಗೆ ದಾಟಿಸಿದರು.

ಔಷಧದಿಂದ ಇಂಥ ತೊಂದರೆಯಾಯಿತೆಂದು ಸಂಶಯ ಬಂದರೆ ರೋಗಿಯೇ ನೇರವಾಗಿ ತಿಳಿಸಲು ನಮ್ಮ ದೇಶದಲ್ಲಿ ವ್ಯವಸ್ಥೆ ಇದೆ. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800-180-3024. ಕರೆ ಮಾಡುವಾಗ ಗುಳಿಗೆಯ ಹೆಸರು, ಪ್ರಮಾಣ, ಯಾವಾಗ ತೊಡಗಿದ್ದು, ಹುಣ್ಣು ಯಾವಾಗ ಕಂಡದ್ದು, ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ಸಂಖ್ಯೆ ಇವು ಕೈಯಲ್ಲಿರಲಿ. ಖಾಲಿ ಸ್ಟ್ರಿಪ್ಪನ್ನು ಒಲೆಗೆ ಎಸೆಯದೆ ಇಟ್ಟುಕೊಂಡಿದ್ದರೆ ಇವುಗಳಲ್ಲಿ ಅರ್ಧ ಅದರಲ್ಲೇ ಸಿಗುತ್ತದೆ.